ಮನೆಯ ವಸ್ತುಗಳಿಂದ ಕೃತ್ರಿಮ ಬೆರಳು

ಕಬ್ಬಿನ ಗಾಣ, ಮೇವು ಕತ್ತರಿಸುವ ಯಂತ್ರ, ಬಡಗಿಯ ಗರಗಸ, ಹಬ್ಬದ ಪಟಾಕಿ ಇವುಗಳ ದೆಸೆಯಿಂದ ಬೆರಳನ್ನು ಕಳಕೊಂಡವರು ನಮ್ಮ ನಾಡಿನಲ್ಲಿ ವಿರಳವಲ್ಲ. ಕಾಲು ಹೋದವರಿಗೆ ಕೃತ್ರಿಮ ಕಾಲು ಉಂಟೆಂಬುದನ್ನು ಎಲ್ಲರೂ ಬಲ್ಲರು. ಬೆರಳು ಹೋದವರಾದರೋ ‘ಬೆರಳಷ್ಟೇ ಹೋಯಿತಲ್ಲ, ಪ್ರಾಣ ಉಳಿಯಿತು’ ಎಂಬ ಸಮಾಧಾನದ ಮಾತನ್ನು ಕೇಳಿಕೊಂಡು, ಆ ಕೈಯನ್ನು ಸೆರಗಿನ ಮರೆಯಲ್ಲಿಯೋ ಜೇಬಿನೊಳಗೋ ಇಟ್ಟುಕೊಂಡು ದಿನ ಕಳೆಯುತ್ತಾರೆ. ಬೆರಳೂ ಮಾಡಿ ತೊಡಬಹುದಾದ ವಸ್ತುವೇ ಎಂಬುದು ಅನೇಕರಿಗೆ ತಿಳಿಯದು. ಅದಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಹೆಚ್ಚಿನವು ಹಳೆಯ ಬಟ್ಟೆ, ಅಂಟು, ದಾರ, ತೊಗಲಿನ ತುಂಡು, ಎಲಾಸ್ಟಿಕ್ ಪಟ್ಟಿ ಇವೇ ಆಗಿರುವುದರಿಂದ, ಹೊಲಿಗೆ ಬಲ್ಲ ಹುಡುಗಿಯರಿಗೆ ಈ ವಿದ್ಯೆಯು ದೂರವಾದದ್ದಲ್ಲ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುವೆವು. ಬೆರಳನ್ನು ಮಡಿಯುವಂತೆ ಮಾಡುವುದು ಸುಲಭ. ತೊಟ್ಟವರ ಚರ್ಮವನ್ನು ಅದು ನೋಯಿಸದಂತೆ ಮಾಡುವುದೇ ಕಷ್ಟ. ಈ ಲೇಖನದ ಬಹುಭಾಗವು ಆ ಕಷ್ಟದ ವಿಷಯವಾಗಿಯೇ ಇರುವುದು.

ಮೊದಲು ಸಹಜವಾದ ಬೆರಳನ್ನು ಪರೀಕ್ಷಿಸೋಣ. ಮನುಷ್ಯನ ಒಂದು ಕೈಯಲ್ಲಿ 27 ಎಲುಬುಗಳುಂಟು. ಅವುಗಳಲ್ಲಿ 14 ಬೆರಳುಗಳಿಗೆ ಸೇರಿದವು: ಹೆಬ್ಬೆರಳಿಗೆ ಎರಡು, ಮಿಕ್ಕವುಗಳಿಗೆ ಮೂರು ಮೂರು. ಬೆರಳನ್ನು ಮಡಿಸುವ ಮಾಂಸಖಂಡವು ಬೆರಳಿನಲ್ಲಿಯೇ ಇದೆಯೆಂದು ಯಾರಾದರೂ ತಿಳಿಯುವುದು ಸಹಜ. ವಾಸ್ತವದಲ್ಲಿ ಬೆರಳಿನೊಳಗೆ ಅಂಥ ಮಾಂಸಖಂಡವೇ ಇಲ್ಲ. ಎಡಗೈಯಿಂದ ಬಲಗೈಯ ಮುಂದೋಳನ್ನು ಹಿಡಿದುಕೊಂಡು ಬಲಗೈ ಬೆರಳುಗಳನ್ನು ಮಡಿಸಿ ಬಿಚ್ಚಿರಿ. ಮೊಣಕೈಯ ಸಮೀಪದಲ್ಲಿ ಮಾಂಸವು ಅಲುಗುವುದು ತಿಳಿಯುತ್ತದೆ. ಎಳೆಯುವ ಶಕ್ತಿಯು ಇರುವುದು ಅಲ್ಲಿ. ಅಲ್ಲಿಂದ ಸ್ನಾಯುರಜ್ಜುಗಳೆಂಬ ಬಲವಾದ ಹಗ್ಗಗಳು ಮಣಿಕಟ್ಟನ್ನು ದಾಟಿ ಬಂದು ಬೆರಳೆಲುಬುಗಳಿಗೆ ಅಂಟಿಕೊಂಡಿವೆ. ಅಂಗೈ ಕಡೆಯ ಹಗ್ಗವು ಬೆರಳನ್ನು ಮಡಿಸುತ್ತದೆ, ಹಿಂಗೈ ಕಡೆಯದು ನೆಟ್ಟಗೆ ಮಾಡುತ್ತದೆ. ಎಳೆದಾಗ ಹಗ್ಗವು ಬಿಲ್ಲಿನ ಹೆದೆಯಂತೆ ಎಲುಬನ್ನು ಬಿಟ್ಟು ದೂರ ಸರಿಯದ ಹಾಗೆ, ಉಂಗುರಗಳಂತಹ ಪಟ್ಟಿಗಳು ಅಲ್ಲಲ್ಲಿ ಅದನ್ನು ಒತ್ತಿ ಹಿಡಿದಿವೆ. ಸೂತ್ರದ ಬೊಂಬೆಯಾಟವನ್ನು ನೋಡಿದವರಿಗೆ ಈ ಏರ್ಪಾಟು ಹೊಸದೆನಿಸಲಾರದು.

ಯಾವ ಬೆರಳು ಹೋದರೆ ಎಷ್ಟು ನಷ್ಟ? ಅಂಗಹಾನಿಯ ಲೆಕ್ಕ ಹಾಕುವ ಒಂದು ಪ್ರಸಿದ್ಧ ಕ್ರಮದಲ್ಲಿ ಇಡೀ ಕೈಯನ್ನು 100 ಪಾಲೆಂದು ಎಣಿಸಿ, ಹೆಬ್ಬೆರಳಿಗೆ 40, ತೋರುಬೆರಳು ನಡುಬೆರಳುಗಳಿಗೆ 20ರಂತೆ, ಉಂಗುರದ ಬೆರಳು ಕಿರುಬೆರಳುಗಳಿಗೆ 10ರಂತೆ ಹಂಚುತ್ತಾರೆ. ಈ ಲೆಕ್ಕವು ಪರಿಹಾರ ಕೊಡುವ ಕಚೇರಿಗೆ ಸಾಕಾದೀತು, ಮನೆಗೆಲಸಕ್ಕೆ ಸಾಲದು. ಸೂಜಿ ಹಿಡಿಯುವಾಕೆಗೆ ತೋರುಬೆರಳ ತುದಿಯೇ ಸರ್ವಸ್ವ. ಬಾವಿಯ ಹಗ್ಗವನ್ನೋ ಒನಕೆಯನ್ನೋ ಹಿಡಿಯುವಾಕೆಗೆ ಕಿರುಬೆರಳೇ ಹೆಚ್ಚು ಬೇಕಾದದ್ದು, ಯಾಕಂದರೆ ಬಿಗಿಹಿಡಿತದ ಬಲದಲ್ಲಿ ಕೊನೆಯ ಎರಡು ಬೆರಳುಗಳ ಪಾಲು ದೊಡ್ಡದು. ತೋರುಬೆರಳನ್ನು ಕಳಕೊಂಡವರು ಅನೇಕ ವೇಳೆ ತಮಗೆ ಅರಿವಿಲ್ಲದೆಯೇ ನಡುಬೆರಳನ್ನು ಅದರ ಸ್ಥಾನಕ್ಕೆ ಪಳಗಿಸಿಕೊಂಡು ಬಿಡುತ್ತಾರೆ. ಅಂಥವರಿಗೆ ಕೃತ್ರಿಮ ಬೆರಳು ಅಡ್ಡಿಯಾಗುವುದೂ ಉಂಟು. ಆದದರಿಂದ ಬೆರಳು ಮಾಡಹೊರಟವರು ಅಳತೆಯ ದಾರವನ್ನು ಕೈಗೆತ್ತಿಕೊಳ್ಳುವ ಮುಂಚೆ, ‘ನಿಮಗೆ ಯಾವ ಕೆಲಸಕ್ಕೆ ತೊಂದರೆಯಾಗಿದೆ?’ ಎಂದು ಕೇಳಬೇಕು.

ಈ ವಿದ್ಯೆಯು ಬಹು ಪುರಾತನವಾದದ್ದು. ಐಗುಪ್ತ ದೇಶದ ಲಕ್ಸರಿನ ಎದುರು, ನೈಲ್ ನದಿಯ ಪಶ್ಚಿಮ ದಡದ ಸಮಾಧಿಯೊಂದರಲ್ಲಿ, ಯಾಜಕನ ಮಗಳಾದ ಒಬ್ಬ ಸ್ತ್ರೀಯ ಶವವು ದೊರೆಯಿತು. ಆಕೆಯ ಬಲಗಾಲಿನ ಹೆಬ್ಬೆರಳಿನ ಸ್ಥಾನದಲ್ಲಿ ಮರದಿಂದಲೂ ತೊಗಲಿನಿಂದಲೂ ಮಾಡಿದ ಕೃತ್ರಿಮ ಬೆರಳೊಂದಿತ್ತು. ಅದರ ಕಾಲವು ಕ್ರಿ. ಪೂ. 950ಕ್ಕೂ 710ಕ್ಕೂ ನಡುವೆ ಎಂದು ನಿರ್ಣಯಿಸಿದ್ದಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕ್ರಿ. ಪೂ. 600ಕ್ಕಿಂತ ಹಿಂದಿನ ಇನ್ನೊಂದು ಕಾಲ್ಬೆರಳು ಇದೆ. ಅದು ನಾರುಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು, ಗಾರೆ ಬಳಿದು ಮಾಡಿದ್ದು. ಇವು ಶವಕ್ಕೆ ತೊಡಿಸಿದ ಅಲಂಕಾರ ಮಾತ್ರವೋ ಬದುಕಿದ್ದವರಿಗೆ ಉಪಯೋಗವಾದವುಗಳೋ ಎಂಬ ಸಂಶಯವಿತ್ತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಜ್ಯಾಕಿ ಫಿಂಚ್ ಎಂಬ ವಿದುಷಿಯು ಎರಡರ ಪ್ರತಿಕೃತಿಗಳನ್ನೂ ಮಾಡಿಸಿ, ಬಲಗಾಲಿನ ಹೆಬ್ಬೆರಳಿಲ್ಲದ ಇಬ್ಬರಿಗೆ ತೊಡಿಸಿ ನಡೆಸಿ ನೋಡಿದರು. ನಡೆಯುವುದಕ್ಕೆ ಅವು ನಿಜವಾಗಿ ನೆರವಾಗುವುವೆಂದು ಕಂಡು 2011ರಲ್ಲಿ ಪ್ರಕಟಿಸಿದರು. 2017ರಲ್ಲಿ ಬಾಸೆಲ್ ವಿಶ್ವವಿದ್ಯಾಲಯದವರು (ಹೆಂಚು ಮತ್ತು ನೆಯ್ಗೆಯ ಮೂಲಕ ನಮ್ಮ ಕರಾವಳಿಗೆ ಪರಿಚಿತವಾದ ಅದೇ ಬಾಸೆಲ್ ಊರು) ಮರದ ಬೆರಳನ್ನು ಸೂಕ್ಷ್ಮವಾಗಿ ಶೋಧಿಸಿ, ಅದನ್ನು ಆ ಸ್ತ್ರೀಯ ಪಾದಕ್ಕೆ ಹೊಂದುವಂತೆ ಹಲವು ಸಾರಿ ತಿದ್ದಲಾಗಿತ್ತೆಂದು ತಿಳಿಸಿದರು. ನಮಗೆ ಈ ಕೊನೆಯ ಸಂಗತಿಯೇ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಮಾಡಿದವನು ಒಂದು ಸಾರಿ ಮಾಡಿಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಆಕೆಯು ನಡೆದು ನೋಡಿ, ಇಲ್ಲಿ ಒತ್ತುತ್ತದೆ, ಅಲ್ಲಿ ಸಡಿಲವಾಗಿದೆ ಎಂದು ಹೇಳಿರಬೇಕು. ಅವನು ಕೇಳಿ ತಿದ್ದಿರಬೇಕು.

ಇನ್ನು ಕೈಯ ಮಾತು. 1845ರ ಸುಮಾರಿನಲ್ಲಿ ಆಸ್ಟ್ರೇಲಿಯದ ಅಡಿಲೇಡ್ ಪಟ್ಟಣದ ರಾಬರ್ಟ್ ನಾರ್ಮನ್ ಎಂಬ ದಂತವೈದ್ಯನು, ಕೈಗೆ ಅಪಘಾತವಾಗಿದ್ದ ಕೋಲ್ಸ್ ಎಂಬ ಸೈನಿಕನಿಗೆ ತಿಮಿಂಗಿಲದ ಎಲುಬಿನಿಂದ ಒಂದು ಕೈಯನ್ನು ಕೊರೆದು ಕೊಟ್ಟನು. ಅದರ ಬೆರಳುಗಳು ಸಣ್ಣ ರಾಟೆಗಳ ಮೇಲೆ ಹಾದುಹೋಗುವ ಕರುಳಿನ ತಂತಿಗಳಿಂದ ಮಡಿಯುತ್ತಿದ್ದವು. ಸುಮಾರು 166 ವರ್ಷಗಳ ಬಳಿಕ, 2011ರಲ್ಲಿ, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಬಡಗಿಯಾದ ರಿಚರ್ಡ್ ವಾನ್ ಆಸ್ ಎಂಬವರು ಗರಗಸದ ಯಂತ್ರಕ್ಕೆ ತಮ್ಮ ಬಲಗೈ ಬೆರಳುಗಳನ್ನು ಒಪ್ಪಿಸಬೇಕಾಯಿತು. ಕೊಳ್ಳಲು ಸಿಗುವ ಯಾಂತ್ರಿಕ ಬೆರಳುಗಳ ಬೆಲೆ ಅವರ ಶಕ್ತಿಗೆ ಮೀರಿದ್ದಾಗಿತ್ತು. ಅಮೆರಿಕದಲ್ಲಿ ಬೊಂಬೆಗಳನ್ನೂ ವೇಷದ ಸಾಮಾನುಗಳನ್ನೂ ಮಾಡುತ್ತಿದ್ದ ಇವಾನ್ ಓವನ್ ಎಂಬವರು ತಂತಿ ಎಳೆದರೆ ಮಡಿಯುವ ದೊಡ್ಡದೊಂದು ಬೊಂಬೆಗೈಯನ್ನು ರಚಿಸಿದ್ದರು. ಬಡಗಿಯು ಅದನ್ನು ಕಂಡು ಅವರಿಗೆ ಬರೆದರು. ಸಾಗರದ ಆಚೆ ಈಚೆ ಇದ್ದ ಈ ಇಬ್ಬರೂ ಕೂಡಿ ಯೋಚಿಸುತ್ತಿರುವಾಗ ಅಡಿಲೇಡಿನ ಹಳೆಯ ಕೈಯ ವರ್ಣನೆಯು ಅವರಿಗೆ ದೊರೆತು ಬಹಳ ಉಪಯೋಗವಾಯಿತು. ಅವರ ಪ್ರಯತ್ನವು ಬಲಗೈಯಲ್ಲಿ ಬೆರಳುಗಳಿಲ್ಲದೆ ಹುಟ್ಟಿದ ಐದು ವರ್ಷದ ಬಾಲಕನೊಬ್ಬನಿಗೂ ಕೈ ಕೊಟ್ಟಿತು. 2013ರಲ್ಲಿ ಅವರು ತಮ್ಮ ನಕ್ಷೆಯನ್ನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬೆಲೆಯಿಲ್ಲದೆ ಬಿಟ್ಟುಕೊಟ್ಟರು. ದಂತವೈದ್ಯ, ಬಡಗಿ, ಬೊಂಬೆ ಮಾಡುವವನು: ಬೆರಳು ಮಾಡಿದವರೆಲ್ಲ ಬೇರೆ ಕಸುಬಿನವರೇ. ನಮ್ಮ ದೇಶದಲ್ಲಿಯೂ 1968ರಲ್ಲಿ ಜಯಪುರದ ಕುಶಲಕರ್ಮಿ ರಾಮಚಂದ್ರ ಶರ್ಮರು ಡಾಕ್ಟರ್ ಪಿ. ಕೆ. ಸೇಥಿಯವರೊಡನೆ ಸೇರಿ, ಬರಿಗಾಲಲ್ಲಿ ಗದ್ದೆಗಿಳಿಯುವವರಿಗೂ ನೆಲದ ಮೇಲೆ ಕೂರುವವರಿಗೂ ಒಪ್ಪುವ ರಬ್ಬರಿನ ಪಾದವನ್ನು ಮಾಡಿದರಷ್ಟೆ.

ಈಗ ಮಾಡುವ ಕ್ರಮಕ್ಕೆ ಬರೋಣ. ಇಲ್ಲಿ ಹೇಳುವುದು ಬೆರಳಿನ ಬುಡದ ಗೆಣ್ಣು ಉಳಿದು, ಅದರ ಮುಂದೆ 2 ಸೆಂಟಿಮೀಟರಾದರೂ ಮೋಟು ಇರುವವರ ವಿಷಯ. ಗಾಯವು ಪೂರ್ತಿಯಾಗಿ ಮಾಯ್ದು, ಬಾವು ಇಳಿದು, ವೈದ್ಯರು ಒಪ್ಪಿದ ಮೇಲಲ್ಲದೆ ಕೆಲಸಕ್ಕೆ ಕೈ ಹಾಕಬಾರದು. ತರಗತಿಯಲ್ಲಿ ಕಲಿಯುವವರು ತಮ್ಮ ಆರೋಗ್ಯವಾದ ಬೆರಳನ್ನೇ ಎರಡನೆಯ ಗೆಣ್ಣಿನ ತನಕ ಮಡಿಸಿ ಮೋಟೆಂದು ಭಾವಿಸಿಕೊಂಡು ಅಭ್ಯಾಸ ಮಾಡಬಹುದು.

ಮೊದಲನೆಯ ಕೆಲಸವು ಮೋಟಿನ ಅಚ್ಚು ತೆಗೆಯುವುದು. ಇಲ್ಲಿ ಒಂದು ಕಠಿಣವಾದ ಎಚ್ಚರಿಕೆಯುಂಟು. ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಬಿಳಿ ಹಿಟ್ಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮುದ್ದೆ ದೊಡ್ಡದಾದಷ್ಟೂ ಕಾವು ಹೆಚ್ಚು. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ, ಕಲಾಪಾಠದ ವೇಳೆ, 16 ವರ್ಷದ ಬಾಲಿಕೆಯು ತನ್ನ ಕೈಗಳ ಅಚ್ಚು ತೆಗೆಯಲು ಅವನ್ನು ಈ ಹಿಟ್ಟಿನ ಪಾತ್ರೆಯಲ್ಲಿ ಅದ್ದಿದಳು. ಹಿಟ್ಟು ಬಿಗಿದುಕೊಂಡಿತು, ಕೈ ಹೊರಗೆ ಬರಲಿಲ್ಲ. ಸುಟ್ಟ ಗಾಯಗಳಿಂದ ಆಕೆಯು ತನ್ನ ಬೆರಳುಗಳಲ್ಲಿ ಬಹುಪಾಲನ್ನು ಕಳಕೊಂಡಳು. ಬೆರಳಿನ ಅಚ್ಚು ತೆಗೆಯಹೋಗಿ ಬೆರಳೇ ಹೋದ ಈ ದುಃಖಕರವಾದ ಸಂಗತಿಯನ್ನು ನಮ್ಮ ಹುಡುಗಿಯರು ಎಂದೂ ಮರೆಯಬಾರದು. ಪ್ಲಾಸ್ಟರಿಗೆ ಜೀವವಿರುವ ಕೈಯನ್ನು ಕೊಡಲೇಬಾರದು.

ಹಾಗಾದರೆ ಅಚ್ಚು ತೆಗೆಯುವುದು ಹೇಗೆ? ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಎಂಬ ಪುಡಿಯನ್ನು ಬಳಸುತ್ತಾರೆ. ತಣ್ಣೀರಿನಲ್ಲಿ ಕಲಸಿದರೆ ಕೆಲವು ನಿಮಿಷಗಳಲ್ಲಿಯೇ ಅದು ಕಾವಿಲ್ಲದೆ ಹೆಪ್ಪುಗಟ್ಟಿ, ಹಲಸಿನ ತೊಳೆಯಂತೆ ಮೆತ್ತಗೆ ನಿಲ್ಲುತ್ತದೆ. ಅದು ಸಿಕ್ಕದಿದ್ದರೆ ಉಪ್ಪು ಸೇರಿಸಿ ಗಟ್ಟಿಯಾಗಿ ನಾದಿದ ಮೈದಾಹಿಟ್ಟಿನ ಮುದ್ದೆಯೂ ಆದೀತು. ಸಣ್ಣ ಲೋಟದಲ್ಲಿ ಇದನ್ನು ತುಂಬಿ, ಎಣ್ಣೆ ಸವರಿದ ಮೋಟನ್ನು ಅದರಲ್ಲಿ ಇಳಿಸಿ, ಅಲುಗಿಸದೆ ಮೆಲ್ಲನೆ ತೆಗೆದರೆ ಕುಳಿ ಉಳಿಯುತ್ತದೆ. ಕೈಯನ್ನು ಹೊರಗೆ ತೆಗೆದ ಮೇಲೆ ಆ ಕುಳಿಗೆ ಪ್ಲಾಸ್ಟರನ್ನು ಹೊಯ್ಯಬೇಕು. ಗಟ್ಟಿಯಾದ ಮೇಲೆ ಸುತ್ತಲಿನದನ್ನು ಬಿಡಿಸಿದರೆ ಮೋಟಿನ ಪಡಿಯಚ್ಚು ಸಿದ್ಧ. ಇನ್ನು ಮುಂದಿನ ಕೆಲಸವೆಲ್ಲ ಈ ಕಲ್ಲಿನ ಮೋಟಿನ ಮೇಲೆ. ಮನುಷ್ಯನನ್ನು ಕೂರಿಸಿಕೊಂಡು ನೋಯಿಸಬೇಕಾಗಿಲ್ಲ.

ಈ ಪಡಿಯಚ್ಚಿನ ತುದಿಗೂ, ಗಾಯದ ಕಲೆ ಇರುವ ಕಡೆಗೂ, ಎಲುಬು ಚೂಪಾಗಿರುವ ಕಡೆಗೂ ಬಟ್ಟೆಯ ತೆಳುವಾದ ತೇಪೆಯನ್ನು ಅಂಟಿಸಬೇಕು. ಅಲ್ಲಿ ಕವಚದೊಳಗೆ ಕೊಂಚ ತೆರವು ಉಳಿದು, ನೋಯುವ ಸ್ಥಳಕ್ಕೆ ಒತ್ತಡ ತಾಗದೆ ಹೋಗುತ್ತದೆ. ಅನಂತರ ಹತ್ತಿಯ ಬನಿಯನ್ ಬಟ್ಟೆಯಿಂದ ಹೊಲಿದ ಕುಲಾವಿಯೊಂದನ್ನು ಅಚ್ಚಿಗೆ ತೊಡಿಸಿ, ಅದರ ಮೇಲೆ ತೆಳುವಾದ ಪಾಲಿಥೀನ್ ಹಾಳೆಯನ್ನು ಸುತ್ತಿ, ಹಳೆಯ ಪಂಚೆಯ ಪಟ್ಟಿಗಳನ್ನು ಬಡಗಿಯ ಬಿಳಿ ಅಂಟಿನಲ್ಲಿ ಅದ್ದಿ, ಒಂದರ ಅರ್ಧವನ್ನು ಇನ್ನೊಂದು ಮುಚ್ಚುವಂತೆ ಐದಾರು ಪದರ ಸುತ್ತಬೇಕು. ಐಗುಪ್ತದವರ ನಾರುಬಟ್ಟೆಯ ಉಪಾಯವೇ ಇದು. ಪೂರಾ ಒಣಗಿದ ಮೇಲೆ ಅಚ್ಚಿನಿಂದ ಬಿಡಿಸಿದರೆ ಗಟ್ಟಿಯಾದ ಕವಚ ದೊರೆಯುತ್ತದೆ. ಅದರ ಬಾಯಂಚನ್ನು ಗಂಟೆಯ ಬಾಯಿಯಂತೆ ಹೊರಕ್ಕೆ ಬಾಗಿಸಿ ನಯ ಮಾಡಬೇಕು. ಅಂಗೈ ಕಡೆ ಅಂಚನ್ನು ತಗ್ಗಿಸಿ ಕತ್ತರಿಸಿದರೆ ಗೆಣ್ಣು ಮಡಿಯಲು ಎಡೆಯಾಗುತ್ತದೆ. ಕವಚವು ಜಾರದಿರಲು ಅದರ ಬಿಗಿತವನ್ನು ನಂಬಬಾರದು. ಎರಡು ಪಕ್ಕಗಳಿಂದಲೂ ನಾಡಾಪಟ್ಟಿಯನ್ನು ತಂದು ಹಿಂಗೈಯ ಮೇಲೆ ಅಡ್ಡಹಾಯಿಸಿ, ಮಣಿಕಟ್ಟಿನಲ್ಲಿ ಗುಂಡಿ ಹಾಕಿ ನಿಲ್ಲಿಸಬೇಕು. ಮೋಟನ್ನು ಸುತ್ತಿ ಬಿಗಿಯುವ ರಬ್ಬರ್ ಬಳೆ ಅಥವಾ ದಾರವು ರಕ್ತದ ಓಟವನ್ನು ತಡೆಯುವುದರಿಂದ ಅದು ಸರ್ವಥಾ ಕೂಡದು.

ಬೆರಳಿನ ಉದ್ದ ಎಷ್ಟಿರಬೇಕು? ಇನ್ನೊಂದು ಕೈಯ ಬೆರಳಿನಷ್ಟೇ ಎಂದು ಎಲ್ಲರೂ ಹೇಳಿಯಾರು. ತರಗತಿಯಲ್ಲಿ ಕಲಿತ ಸನ್ನೆಗೋಲಿನ ನಿಯಮವನ್ನು ಇಲ್ಲಿ ನೆನೆಯಿರಿ. ಕವಚದೊಳಗಿನ ಮೋಟು 2 ಸೆಂಟಿಮೀಟರ್, ಅದರ ಮುಂದಿನ ಕೃತ್ರಿಮ ಭಾಗ 4 ಸೆಂಟಿಮೀಟರ್ ಇರಲಿ. ತುದಿಯಲ್ಲಿ 1 ಕಿಲೋಗ್ರಾಂ ಭಾರದಷ್ಟು ಒತ್ತಿದರೆ, ಕವಚದ ಬಾಯಂಚನ್ನು ಆಧಾರವಾಗಿಟ್ಟುಕೊಂಡು ಎಣಿಸುವಾಗ, ಮೋಟಿನ ತುದಿಯ ಮೇಲೆ ಬೀಳುವ ಒತ್ತಡವು 6ನ್ನು 2ರಿಂದ ಭಾಗಿಸಿದಷ್ಟು, ಅಂದರೆ 3 ಕಿಲೋಗ್ರಾಂ. ಬಾಯಂಚಿನಲ್ಲಿ ಎದುರು ದಿಕ್ಕಿಗೆ 2 ಕಿಲೋಗ್ರಾಂ. ಮುಂಭಾಗವನ್ನು 2 ಸೆಂಟಿಮೀಟರಿಗೆ ಕಡಿಮೆ ಮಾಡಿದರೆ ಈ ಒತ್ತಡಗಳು 2 ಮತ್ತು 1 ಕಿಲೋಗ್ರಾಮಿಗೆ ಇಳಿಯುತ್ತವೆ. ಅಂದವಾದ ನೀಳಬೆರಳಿನ ಬೆಲೆಯನ್ನು ಮೋಟಿನ ಚರ್ಮವು ತೆರುತ್ತದೆ. ಕೆಲಸಕ್ಕಾಗಿ ಮಾಡುವ ಬೆರಳು ಸಹಜ ಬೆರಳಿಗಿಂತ ಕೊಂಚ ಗಿಡ್ಡವಾಗಿರುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಮುಂಭಾಗವನ್ನು ಹಗುರವಾದ ಮರದಿಂದ ಮಾಡಬಹುದು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರವು ಹಗುರವೂ ನಯವೂ ಆದದ್ದು. ಮರದ ಬುಡವನ್ನು ಕವಚದ ತುದಿಗೆ ದಾರದಿಂದ ಬಿಗಿದು ಅಂಟು ಹಚ್ಚಬೇಕು. ಅದನ್ನು ಕಡ್ಡಿಯಂತೆ ನೆಟ್ಟಗೆ ನಿಲ್ಲಿಸಬಾರದು. ಸರಿಯಾದ ಕೈಯಿಂದ ನೀರಿನ ಲೋಟವನ್ನು ಹಿಡಿದು, ಆ ಬೆರಳು ಎಷ್ಟು ಬಾಗಿದೆಯೋ ಅಷ್ಟೇ ಬಾಗಿಸಿ ಕೂಡಿಸಬೇಕು. ಮಡಿಯದ ಈ ಬೆರಳಿಗೂ ಹೆಬ್ಬೆರಳು ಎದುರಾಗಿ ಒತ್ತುವುದರಿಂದ ಕಾಗದ, ಬಟ್ಟೆ, ಸೌಟು ಮುಂತಾದವನ್ನು ಹಿಡಿಯಬಹುದು. ಅನೇಕರಿಗೆ ಇಷ್ಟೇ ಸಾಕು.

ಮಡಿಯುವ ಬೆರಳೇ ಬೇಕೆನ್ನುವವರು ಮುಂಭಾಗವನ್ನು ಎರಡು ತುಂಡಾಗಿ ಮಾಡಿ, ಬೆನ್ನಿನ ಕಡೆ ತೊಗಲಿನ ಪಟ್ಟಿಯಿಂದ ಕೀಲು ಹಾಕಿ, ಅಂಗೈ ಕಡೆ ತುಂಡುಗಳ ಅಂಚನ್ನು ಓರೆಯಾಗಿ ಕೆತ್ತಬೇಕು. ಬೆನ್ನಿನ ಮೇಲೆ ಎಲಾಸ್ಟಿಕ್ ಪಟ್ಟಿಯು ಬೆರಳನ್ನು ನೆಟ್ಟಗಾಗಿಸುತ್ತದೆ. ಅಂಗೈ ಕಡೆ ತುದಿಗೆ ಕಟ್ಟಿದ ಗಟ್ಟಿಯಾದ ನೈಲಾನ್ ದಾರವು ಸಣ್ಣ ಉಂಗುರಗಳೊಳಗಿಂದ ಹಿಂದಕ್ಕೆ ಬಂದು, ಕವಚದ ಪಕ್ಕದಿಂದ ಹಿಂಗೈಗೆ ಏರಿ, ಮಣಿಕಟ್ಟನ್ನು ದಾಟಿ ಮುಂದೋಳಿನ ಪಟ್ಟಿಗೆ ಸೇರಬೇಕು. ಎಳೆಯುವವರು ಯಾರು? ಮೊಣಕಾಲನ್ನು ಮಡಿಸಿದಾಗ ಲಂಗವು ಮಂಡಿಯ ಮೇಲೆ ಬಿಗಿಯಾಗುವುದನ್ನು ಎಲ್ಲರೂ ಬಲ್ಲಿರಿ. ಹಾಗೆಯೇ ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿದಾಗ ಅದರ ಬೆನ್ನಿನ ಮೇಲಿನ ದಾರಿ ಉದ್ದವಾಗಿ, ದಾರವು ಸೆಳೆಯಲ್ಪಟ್ಟು ಬೆರಳು ಮಡಿಯುತ್ತದೆ. ಜೊಹಾನ್ಸ್‌ಬರ್ಗಿನ ಬಡಗಿಯೂ ಅವರ ಗೆಳೆಯರೂ ಆ ಬಾಲಕನಿಗೆ ಮಾಡಿದ ಕೈಯ ಗುಟ್ಟು ಇದೇ.

ತುದಿಯ ವಿಷಯದಲ್ಲಿ ಜಿಪುಣತನ ಮಾಡಬಾರದು. ಮರದ ತುದಿಯಿಂದ ಕಾಗದವೂ ಜಾರುತ್ತದೆ. ಸೈಕಲ್ ಟ್ಯೂಬಿನ ರಬ್ಬರನ್ನಾದರೂ, ನೋಟು ಎಣಿಸುವವರು ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿಯನ್ನಾದರೂ ಹೊದಿಸಬೇಕು. ಉಗುರೂ ಬೇಕು; ಅದು ಬರಿಯ ಶೃಂಗಾರವಲ್ಲ, ನೆಲಕ್ಕೆ ಬಿದ್ದ ಗುಂಡುಸೂಜಿಯನ್ನು ಎತ್ತಲು ಪ್ರಯತ್ನಿಸಿದರೆ ಅದರ ಪ್ರಯೋಜನ ತಿಳಿಯುವುದು. ತೆಂಗಿನ ಚಿಪ್ಪಿನ ತುಣುಕನ್ನು ಉಜ್ಜಿ ನಯ ಮಾಡಿ ಕೂಡಿಸಿದರೆ ಗಟ್ಟಿಯಾದ ಉಗುರಾಗುತ್ತದೆ.

ಇನ್ನು ತೊಡುವ ಕ್ರಮ. ಮೊದಲ ದಿನ ಅರ್ಧ ಗಂಟೆಗಿಂತ ಹೆಚ್ಚು ತೊಡಬಾರದು. ತೆಗೆದ ಕೂಡಲೇ ಮೋಟನ್ನು ಬೆಳಕಿನಲ್ಲಿ ನೋಡಬೇಕು. ಕೆಂಪಾಗಿದ್ದ ಸ್ಥಳವು ಹತ್ತಿಪ್ಪತ್ತು ನಿಮಿಷಗಳಲ್ಲಿ ಮೊದಲಿನ ಬಣ್ಣಕ್ಕೆ ಬಾರದಿದ್ದರೆ ಅಲ್ಲಿ ಕವಚವು ಒತ್ತುತ್ತದೆಂದು ತಿಳಿದು, ಒಳಗೆ ಕೆರೆದು ತಿದ್ದುವ ತನಕ ತೊಡಬಾರದು. ನೋವು ತಿಳಿಯುವವರಿಗೆ ಇದು ಸುಲಭ. ಕುಷ್ಠರೋಗದಿಂದಲೋ ಬಹುಕಾಲದ ಮಧುಮೇಹದಿಂದಲೋ ಸ್ಪರ್ಶಜ್ಞಾನ ಹೋದವರಿಗೆ ಇದೇ ಅಪಾಯದ ಸ್ಥಾನ. ಕುಷ್ಠದಲ್ಲಿ ಬೆರಳುಗಳು ತಾವೇ ಕೊಳೆತು ಉದುರುತ್ತವೆಂದು ಜನರು ಬಹುಕಾಲ ನಂಬಿದ್ದರು. 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದ ಡಾಕ್ಟರ್ ಪಾಲ್ ಬ್ರ್ಯಾಂಡರು ರೋಗಿಗಳ ಕೈಗಳನ್ನು ಶ್ರದ್ಧೆಯಿಂದ ಪರೀಕ್ಷಿಸಿ, ನರಗಳು ಸತ್ತು ನೋವು ತಿಳಿಯದೆ ಹೋಗುವುದರಿಂದ ಬಿಸಿ ಪಾತ್ರೆಯೂ ಒರಟಾದ ಹಿಡಿಯೂ ಮಾಡಿದ ಗಾಯಗಳನ್ನು ಅವರು ಗಮನಿಸದೆ, ಅವು ಕೀವಾಗಿ ಬೆರಳುಗಳು ಕುಗ್ಗುತ್ತಾ ಬರುತ್ತವೆಂದು ತೋರಿಸಿಕೊಟ್ಟರು. ಅಂಥ ಕೈಗೆ ಮನೆಯಲ್ಲಿ ಮಾಡಿದ ಕವಚವು ಉಪಕಾರಕ್ಕೆ ಬದಲಾಗಿ ಮತ್ತೊಂದು ಗಾಯವನ್ನು ಮಾಡೀತು. ವೈದ್ಯರ ಕಣ್ಣೆದುರಿನಲ್ಲಿಯೇ ತೊಡಿಸತಕ್ಕದ್ದು.

ಕೃತ್ರಿಮ ಬೆರಳಿಗೆ ಸ್ಪರ್ಶವಿಲ್ಲವೆಂಬುದನ್ನು ತೊಟ್ಟವರೆಲ್ಲರೂ ನೆನಪಿಡಬೇಕು. ಬಟ್ಟೆಯೂ ಅಂಟೂ ಬೆಂಕಿಗೆ ಉರಿಯುತ್ತವೆ. ಆದದರಿಂದ ಒಲೆಯ ಬಳಿಯಲ್ಲಿ ಅದನ್ನು ತೆಗೆದಿಡಬೇಕು. ತಿರುಗುವ ಯಂತ್ರದ ಬಳಿಯಲ್ಲಿ, ಹೊಲಿಗೆಯಂತ್ರದ ಚಕ್ರವಾದರೂ ಸರಿಯೇ, ದಾರವು ಸಿಕ್ಕಿಕೊಂಡು ಇಡೀ ಕೈಯನ್ನು ಎಳೆದೀತು. ಬಿಳಿ ಅಂಟು ನೀರಿಗೆ ಮೆತ್ತಗಾಗುವುದರಿಂದ ಹೊರಗೆ ವಾರ್ನಿಷ್ ಬಳಿದರೂ ಪಾತ್ರೆ ತೊಳೆಯುವ ಕೆಲಸಕ್ಕೆ ಈ ಬೆರಳು ಆಗದು. ರಾತ್ರಿ ಮಲಗುವಾಗ ತೊಡಬಾರದು.

ರೂಪದ ವಿಷಯವನ್ನು ಕೊನೆಗೆ ಇಟ್ಟದ್ದು ಅದು ಹೀನವೆಂದಲ್ಲ. ಮದುವೆಮನೆಯಲ್ಲಿ ನಾಲ್ಕು ಜನರ ಮುಂದೆ ಕೈ ನೀಡುವ ಧೈರ್ಯವೂ ಒಂದು ಪ್ರಯೋಜನವೇ. ಸಿಲಿಕೋನ್ ಎಂಬ ಪದಾರ್ಥದಿಂದ ಗೆರೆ, ಬಣ್ಣ, ಉಗುರುಗಳ ಸಮೇತ ಸಹಜವಾಗಿ ಕಾಣುವ ಬೆರಳುಗಳನ್ನು ನುರಿತವರು ಮಾಡುತ್ತಾರೆ. ಅವು ಹೆಚ್ಚಾಗಿ ನೋಟಕ್ಕೆ, ಭಾರವಾದ ಕೆಲಸಕ್ಕಲ್ಲ. ಅವರಲ್ಲಿ ಬಳಕೆಯಲ್ಲಿರುವ ಒಂದು ಉಪಾಯವನ್ನು ನಾವೂ ತೆಗೆದುಕೊಳ್ಳಬಹುದು: ಕವಚದ ಅಂಚು ಚರ್ಮವನ್ನು ಸೇರುವ ಗೆರೆಯ ಮೇಲೆ ಸಡಿಲವಾದ ಉಂಗುರವೊಂದನ್ನು ತೊಟ್ಟರೆ ಕಣ್ಣು ಉಂಗುರದ ಮೇಲೆ ಬೀಳುತ್ತದೆ, ಗೆರೆ ಕಾಣುವುದಿಲ್ಲ. ಕೆಲಸದ ಬೆರಳೋ ನೋಟದ ಬೆರಳೋ ಎಂಬುದನ್ನು ತೊಡುವವರೇ ನಿರ್ಣಯಿಸಬೇಕು, ಮಾಡುವವರಲ್ಲ. ಯಾವುದೂ ಬೇಡವೆಂದರೆ ಅದೂ ಸರಿಯೇ.

ಹತ್ತಿಯ ಕುಲಾವಿಗಳನ್ನು ನಾಲ್ಕಾರು ಹೊಲಿದಿಟ್ಟು ದಿನವೂ ಒಗೆದದ್ದನ್ನೇ ಹಾಕಬೇಕು. ದಾರವು ಉಂಗುರಗಳ ಅಂಚಿನಲ್ಲಿ ಸವೆಯುವುದರಿಂದ ವಾರಕ್ಕೊಮ್ಮೆ ನೋಡಿ, ಎಳೆ ಬಿಚ್ಚಿದ್ದರೆ ತುಂಡಾಗುವ ಮೊದಲೇ ಬದಲಾಯಿಸಬೇಕು. ಗಾಯ ಮಾಯ್ದ ಮೊದಲ ತಿಂಗಳುಗಳಲ್ಲಿ ಮೋಟು ಸಣ್ಣಗಾಗುತ್ತಾ ಹೋಗುವುದರಿಂದ ಮೊದಲ ಕವಚವು ಬೇಗನೆ ಸಡಿಲವಾಗುವುದು. ಮಕ್ಕಳಲ್ಲಾದರೆ ಕೈ ಬೆಳೆದು ಬಿಗಿಯಾಗುವುದು. ಹಳೆಯ ಪಡಿಯಚ್ಚನ್ನು ಎಸೆಯದೆ, ಅದರ ಬುಡದಲ್ಲಿ ತಾರೀಖನ್ನು ಕೊರೆದು ಇಟ್ಟುಕೊಂಡರೆ, ಮುಂದಿನ ಅಚ್ಚಿನೊಡನೆ ಹೋಲಿಸಿ ಎಲ್ಲಿ ಎಷ್ಟು ವ್ಯತ್ಯಾಸವಾಗಿದೆಯೆಂದು ದಾರದಿಂದ ಅಳೆದು ತಿಳಿಯಬಹುದು.